ಸೋಫಾಗಿಂತ ಕೈಯಿರುವ ಕುರ್ಚಿ ಮೇಲು: ಬಯಲು ಸಮಾರಂಭದಲ್ಲಿ ಗಣ್ಯರ ಆಸನ, ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ಶಾಮಿಯಾನ, ವೇದಿಕೆ, ಅಲಂಕಾರದ ಕೆಲಸ ಮಾಡಿಕೊಂಡು ಬಂದಿದ್ದೇನೆ. ಮೂಡಿಗೆರೆ, ಸಕಲೇಶಪುರ, ಬೇಲೂರು, ಹಾಸನದ ಕಡೆಗೂ ಹೋಗುತ್ತೇನೆ. ಬುಕಿಂಗಿಗೆ ಬಂದವರು ಮೊದಲು ಕೇಳುವ ಪ್ರಶ್ನೆ, "ಮುಂದಿನ ಸಾಲಿಗೆ ಎಷ್ಟು ಸೋಫಾ ಹಾಕ್ತೀರಿ?" ನಾನು ತಿರುಗಿ ಕೇಳುವುದು, "ಅಲ್ಲಿ ಕೂರೋರಿಗೆ ವಯಸ್ಸೆಷ್ಟು?"

ವಿಐಪಿ ಸಾಲಿನಲ್ಲಿ ಯಾರು ಕೂರುತ್ತಾರೆ ನೋಡಿ. ಶಾಲೆಯ ಸುವರ್ಣ ಮಹೋತ್ಸವವಾದರೆ ನಿವೃತ್ತ ಮೇಷ್ಟ್ರುಗಳು, ಜಾಗ ದಾನ ಕೊಟ್ಟ ಮನೆಯ ಹಿರಿಯರು, ಶಾಸಕರು. ಮದುವೆಯಾದರೆ ಎರಡೂ ಕಡೆಯ ಅಜ್ಜ, ಅಜ್ಜಿ. ಅರವತ್ತು ದಾಟಿದವರೇ ಹೆಚ್ಚು. ಮಂಡಿ ನೋವು, ಸೊಂಟ ನೋವು ಇರುವವರು. ಮೆತ್ತನೆಯ ಸೋಫಾ ಕುಳಿತ ಕೂಡಲೇ ಕುಸಿಯುತ್ತದೆ, ಮಂಡಿ ಸೊಂಟಕ್ಕಿಂತ ಮೇಲೇರುತ್ತದೆ. ಅಲ್ಲಿಂದ ಏಳಬೇಕೆಂದರೆ ಯಾರಾದರೂ ಕೈ ಹಿಡಿದು ಎಳೆಯಬೇಕು. ನಮ್ಮ ಕಡೆಯ ಸಮಾರಂಭದಲ್ಲಿ ಮುಂದಿನ ಸಾಲಿನವರು ಸುಮ್ಮನೆ ಕೂರುವುದೂ ಇಲ್ಲ. ತಡವಾಗಿ ಬಂದ ಪ್ರತಿ ಅತಿಥಿಗೂ ಎದ್ದು ಕೈ ಮುಗಿಯಬೇಕು, ದೀಪ ಬೆಳಗುವಾಗ ಏಳಬೇಕು, ನಾಡಗೀತೆಗೆ ಏಳಬೇಕು. ರೇಷ್ಮೆ ಸೀರೆ ಉಟ್ಟು ಕುಳಿತ ಹಿರಿಯಮ್ಮ ಸೋಫಾದ ಅಂಚಿಗೆ ಜಾರಿ, ಎರಡೂ ಕೈ ಊರಿ, ಸೆರಗು ಸರಿಮಾಡಿಕೊಂಡು ಏಳುವ ಹೊತ್ತಿಗೆ ಬಂದವರು ಆಗಲೇ ಮುಂದಕ್ಕೆ ಹೋಗಿರುತ್ತಾರೆ.

ಅದಕ್ಕೇ ನಾನು ಹಾಕುವುದು ಕೈಯಿರುವ ಕುರ್ಚಿ. ನೆಲದಿಂದ ಆಸನದ ಎತ್ತರ 17ರಿಂದ 18 ಇಂಚು, ಕುಶನ್ ಗಟ್ಟಿಯಾಗಿರಬೇಕು, ಕೈ ಊರಲು ಮುಂದಿನ ತನಕ ಚಾಚಿದ ಮರದ ಅಥವಾ ಸ್ಟೀಲಿನ ಹಿಡಿ ಇರಬೇಕು. ಜಾಗದ ಲೆಕ್ಕದಲ್ಲೂ ಇದೇ ಲಾಭ. ಮೂರು ಜನರ ಸೋಫಾದಲ್ಲಿ ಕೂರುವುದು ಇಬ್ಬರೇ. ಪರಿಚಯವಿಲ್ಲದ ಇಬ್ಬರ ನಡುವೆ ತೊಡೆಗೆ ತೊಡೆ ತಾಗಿಸಿಕೊಂಡು ಕೂರಲು ಯಾರಿಗೂ ಮನಸ್ಸಾಗುವುದಿಲ್ಲ. ನಡುವಿನ ಜಾಗದಲ್ಲಿ ಶಾಲು, ಹಾರ, ಆಮಂತ್ರಣ ಪತ್ರಿಕೆ ಕೂತಿರುತ್ತವೆ. ಅದೇ ಆರೂವರೆ ಅಡಿಯಲ್ಲಿ ಮೂರು ಕುರ್ಚಿ ಆರಾಮಾಗಿ ಹಿಡಿಸುತ್ತವೆ, ಮೂರರಲ್ಲೂ ಜನ ಕೂರುತ್ತಾರೆ. ಸೋಫಾ ಬೇಕೇ ಬೇಕು ಎಂದು ಪಟ್ಟು ಹಿಡಿದವರಿಗೆ ಸಾಲಿನ ಎರಡೂ ತುದಿಗೆ ಒಂದೊಂದು ಹಾಕಿಕೊಡುತ್ತೇನೆ; ಮಕ್ಕಳನ್ನು ಕರೆತಂದವರಿಗೆ ಅದು ಅನುಕೂಲವೂ ಹೌದು. ಎತ್ತರದ ಬೆನ್ನಿನ ಮಹಾರಾಜ ಕುರ್ಚಿಯನ್ನು ಮಾತ್ರ ಸಭಿಕರ ಕಡೆ ಹಾಕುವುದೇ ಇಲ್ಲ. ಹಿಂದೆ ಕುಳಿತ ನೂರು ಜನಕ್ಕೆ ಕಾಣುವುದು ಆ ಬೆನ್ನು ಮಾತ್ರ. ಅದರ ಜಾಗ ವೇದಿಕೆಯ ಮೇಲೆ.

ಕುರ್ಚಿಗಿಂತ ಮೊದಲು ತೀರ್ಮಾನವಾಗಬೇಕಾದ್ದು ಬಿಸಿಲು. ಕಾರ್ಯಕ್ರಮದ ಹಿಂದಿನ ದಿನ, ಅದು ಶುರುವಾಗುವ ಗಂಟೆಗೇ ಮೈದಾನಕ್ಕೆ ಹೋಗಿ ನಿಲ್ಲುತ್ತೇನೆ. ಸೂರ್ಯ ಪಶ್ಚಿಮದಲ್ಲಿ ಮುಳುಗುತ್ತಾನೆ ಎಂದುಕೊಂಡರೆ ಸಾಲದು. ಡಿಸೆಂಬರಿನಲ್ಲಿ ಚೆನ್ನಾಗಿ ದಕ್ಷಿಣಕ್ಕೆ ವಾಲಿ ಮುಳುಗುತ್ತಾನೆ, ಮೇ ತಿಂಗಳಲ್ಲಿ ಉತ್ತರಕ್ಕೆ ವಾಲುತ್ತಾನೆ. ಫೆಬ್ರುವರಿಯಲ್ಲಿ ಸರಿಹೋದ ಪರದೆ ಮೇ ತಿಂಗಳಲ್ಲಿ ಅದೇ ಜಾಗದಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಸಂಜೆ ನಾಲ್ಕರಿಂದ ಆರರ ಬಿಸಿಲು ಮಾಡಿನ ಕೆಳಗಿನಿಂದ ಓರೆಯಾಗಿ ನುಗ್ಗುವುದರಿಂದ ತಲೆ ಮೇಲಿನ ಬಟ್ಟೆ ಅದನ್ನು ತಡೆಯುವುದಿಲ್ಲ. ಜಾಗ ಬಿಟ್ಟುಕೊಟ್ಟರೆ ನಾನು ವೇದಿಕೆಯನ್ನು ಉತ್ತರಕ್ಕೋ ದಕ್ಷಿಣಕ್ಕೋ ಇಟ್ಟು, ಪಶ್ಚಿಮದ ಬದಿಗೆ ಪೂರ್ತಿ ಪರದೆ ಕಟ್ಟುತ್ತೇನೆ. ಆಗ ವೇದಿಕೆಯ ಮೇಲಿನವರ ಕಣ್ಣಿಗೂ ಬಿಸಿಲಿಲ್ಲ, ಎದುರು ಕೂತವರ ಕಣ್ಣಿಗೂ ಇಲ್ಲ. ಬೆಳಗಿನ ಧ್ವಜಾರೋಹಣ, ಪಥಸಂಚಲನದಂಥ ಕಾರ್ಯಕ್ರಮವಾದರೆ ಗಣ್ಯರ ಬೆನ್ನು ಪೂರ್ವಕ್ಕಿರಬೇಕು.

ಮಾಡಿಗೆ ತಗಡು ಹಾಕಿದರೆ ಮಳೆಗೆ ಒಳ್ಳೆಯದು, ಆದರೆ ಮಧ್ಯಾಹ್ನ ಅದರ ಕಾವು ನೇರ ನೆತ್ತಿಗೆ ಇಳಿಯುತ್ತದೆ. ತಗಡಿನ ಕೆಳಗೆ ಒಂದು ಅಡಿ ಬಿಟ್ಟು ಬಿಳಿ ಸೀಲಿಂಗ್ ಬಟ್ಟೆ ಕಟ್ಟಿ, ನಡುವೆ ಗಾಳಿ ಆಡಲು ಎರಡೂ ತುದಿ ತೆರೆದಿಡಬೇಕು. ಬಟ್ಟೆಯನ್ನು ತಗಡಿಗೇ ಅಂಟಿಸಿ ಕಟ್ಟಿದರೆ ಅಲಂಕಾರವಾಯಿತೇ ಹೊರತು ತಂಪಾಗುವುದಿಲ್ಲ. ಕೆಂಪು, ನೀಲಿ ಬಟ್ಟೆಯ ಹಳೆಯ ಶಾಮಿಯಾನದ ಕೆಳಗೆ ಹಗಲು ಹೊತ್ತು ಎಲ್ಲರ ಮುಖಕ್ಕೂ ಅದೇ ಬಣ್ಣ ಬೀಳುತ್ತದೆ, ಫೋಟೊ ಹಾಳು. ಇನ್ನು ಏರ್ ಕೂಲರ್. ಅದು ನೀರನ್ನು ಆವಿ ಮಾಡಿ ತಂಪು ಕೊಡುವ ಯಂತ್ರ. ಮಳೆ ಬಂದು ನಿಂತ ಸಂಜೆ, ಸುತ್ತಲೂ ಪರದೆ ಮುಚ್ಚಿದ ಟೆಂಟಿನೊಳಗೆ ಅದನ್ನು ಹಾಕಿದರೆ ಮೈ ಅಂಟಂಟಾಗುತ್ತದೆ ಅಷ್ಟೆ. ಅಲ್ಲಿ ಎತ್ತರದ ಸ್ಟ್ಯಾಂಡ್ ಫ್ಯಾನೇ ಸರಿ, ಅದೂ ಬದಿಯಿಂದ ಬೀಸುವ ಹಾಗೆ.

ನೆಲದ ವಿಷಯ ಹೇಳಬೇಕೆಂದರೆ ಮೂಡಿಗೆರೆ ಕಡೆಯ ಒಂದು ಎಸ್ಟೇಟಿನಲ್ಲಿ ಮಾಡಿದ ಆರತಕ್ಷತೆಯನ್ನೇ ಹೇಳಬೇಕು. ಕಾಫಿ ಒಣಗಿಸುವ ಕಣದಲ್ಲಿ ಸಮಾರಂಭ. ಕೊಯ್ಲಿನ ತಿಂಗಳುಗಳಲ್ಲಿ ಕಣ ಖಾಲಿ ಸಿಗುವುದಿಲ್ಲ, ಆದ್ದರಿಂದ ಎಸ್ಟೇಟ್ ಮದುವೆಗಳು ಏಪ್ರಿಲ್, ಮೇಗೆ ಬರುತ್ತವೆ. ಅಂದರೆ ಗುಡುಗು ಮಳೆಯ ಕಾಲಕ್ಕೆ. ಕಣ ಸಿಮೆಂಟಿನದು, ಗೂಟ ಹೊಡೆಯುವಂತಿಲ್ಲ. ಹೊಡೆದರೆ ಬಿರುಕು ಬಿಟ್ಟು ಮುಂದಿನ ಕೊಯ್ಲಿಗೆ ಮಾಲೀಕರಿಗೆ ತೊಂದರೆ. ಆದ್ದರಿಂದ ಪ್ರತಿ ಕಂಬದ ಬುಡಕ್ಕೆ 200 ಲೀಟರಿನ ಡ್ರಮ್ ಇಟ್ಟು ನೀರು ತುಂಬಿಸಿ ಹಗ್ಗ ಬಿಗಿದೆವು. ತುಂಬಿದ ಡ್ರಮ್ ಎಂದರೆ 200 ಕಿಲೊ ತೂಕ, ಮೂಲೆ ಕಂಬಗಳಿಗೆ ಎರಡೆರಡು. ಮಳೆಗೆ ಮುಂಚೆ ಬರುವ ಆ ಬಿರುಗಾಳಿ ಮಳೆಗಿಂತ ಅಪಾಯದ್ದು. ಮಾಡನ್ನು ಕೆಳಗಿನಿಂದ ಎತ್ತುತ್ತದೆ. ಅದಕ್ಕಾಗಿ ಪರದೆಗಳನ್ನು ಹೊಲಿದು ಬಿಗಿಯದೆ, ಎಳೆದರೆ ಬಿಚ್ಚಿಕೊಳ್ಳುವ ಗಂಟಿನಲ್ಲಿ ಕಟ್ಟಿ, ಒಂದೊಂದು ಬದಿಗೆ ಒಬ್ಬೊಬ್ಬ ಹುಡುಗನನ್ನು ನಿಲ್ಲಿಸಿದ್ದೆ.

ಕಣಕ್ಕೆ ಇನ್ನೊಂದು ಗುಣವಿದೆ. ನೀರು ಹರಿದುಹೋಗಲೆಂದು ಅದನ್ನು ಇಳಿಜಾರಾಗಿ ಕಟ್ಟಿರುತ್ತಾರೆ. ಬರೀ ಕಣ್ಣಿಗೆ ಗೊತ್ತಾಗುವುದಿಲ್ಲ, ಕುರ್ಚಿಯಲ್ಲಿ ಅರ್ಧ ಗಂಟೆ ಕೂತವರ ಸೊಂಟಕ್ಕೆ ಗೊತ್ತಾಗುತ್ತದೆ. ಟ್ಯೂಬಿನಲ್ಲಿ ನೀರು ತುಂಬಿ ಮಟ್ಟ ನೋಡಿ, ಕೆಳಗಿನ ಬದಿಗೆ ಹಲಗೆ ಕೊಟ್ಟು, ಗಣ್ಯರ ಜಾಗಕ್ಕೆ ಅರ್ಧ ಅಡಿ ಎತ್ತರದ ಪ್ಲೈವುಡ್ ಅಟ್ಟಣೆ ಹಾಕಿದೆವು. ಮನೆಯ ಯಜಮಾನರು ಬಂದು ನೋಡಿ, "ಇದ್ಯಾಕಪ್ಪ ಸುಮ್ನೆ ಖರ್ಚು, ಕಣನೇ ಸಿಮೆಂಟ್ ಅಲ್ವಾ?" ಅಂದರು. "ಸಂಜೆ ಮಳೆ ಬಂದ್ರೆ ಗೊತ್ತಾಗುತ್ತೆ ಸರ್, ನೀರು ಇದರಡಿ ಹೋಗುತ್ತೆ" ಅಂದೆ. ಐದು ಗಂಟೆಗೆ ಸುರಿದ ಮಳೆ ಕಣದ ಮೇಲೆಲ್ಲ ಹರಿದು ಅಟ್ಟಣೆಯ ಅಡಿಯಿಂದ ದಾಟಿಹೋಯಿತು, ಮೇಲಿನ ಮ್ಯಾಟ್ ಒಣಗಿಯೇ ಇತ್ತು. ಮಳೆ ಬಾರದ ದಿನವೂ ಅಟ್ಟಣೆ ಬೇಕು. ಬಿಸಿಲು ಕುಡಿದ ಸಿಮೆಂಟು ರಾತ್ರಿ ಎಂಟರವರೆಗೂ ಕಾವು ಬಿಡುತ್ತಿರುತ್ತದೆ. ಮಧ್ಯಾಹ್ನ ಮೂರಕ್ಕೇ ನೀರು ಹಾಯಿಸಿದರೆ ಇನ್ನೂ ಒಳ್ಳೆಯದು.

ಮಣ್ಣಿನ ಮೈದಾನದಲ್ಲಂತೂ ಅಟ್ಟಣೆ ಇಲ್ಲದೆ ನಾನು ಕೆಲಸ ಒಪ್ಪುವುದಿಲ್ಲ. ನಮ್ಮ ಕೆಂಪು ಮಣ್ಣಿನ ಮೇಲೆ ನೇರ ಕಾರ್ಪೆಟ್ ಹಾಸಿದರೆ ನಾಲ್ಕು ಹನಿ ಬಿದ್ದರೂ ಸಾಕು, ಬಿಳಿ ಪಂಚೆಯ ಅಂಚು ಕೆಂಪಾಗುತ್ತದೆ. ಸುತ್ತ ಒಂದು ಗುದ್ದಲಿ ಆಳದ ಕಾಲುವೆ ತೆಗೆದು ತಗ್ಗಿನ ಕಡೆಗೆ ಬಿಡಬೇಕು. ಅಟ್ಟಣೆ ಹತ್ತಲು ಮೆಟ್ಟಿಲಿನ ಜೊತೆಗೆ ಇಳಿಜಾರು ಹಲಗೆಯೂ ಇರಲಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬ ನಿಯಮವಿದೆ. ಅರ್ಧ ಅಡಿಗೆ ಆರು ಅಡಿ. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿ ತಳ್ಳುವವರಿಗೆ ಕಷ್ಟ, ಕೋಲೂರಿ ಬರುವವರಿಗೆ ಭಯ. ಬೇಲೂರು, ಹಳೇಬೀಡಿನ ದೇವಸ್ಥಾನಗಳ ಆಸುಪಾಸಿನಲ್ಲಿ ಕೆಲಸವಿದ್ದರೆ ಮಾತ್ರ ಗುದ್ದಲಿ ಮುಟ್ಟುವ ಮುಂಚೆ ಪುರಾತತ್ವ ಇಲಾಖೆಯನ್ನು ಕೇಳಿ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ.

ವೇದಿಕೆಗೂ ಮೊದಲ ಸಾಲಿಗೂ ಕನಿಷ್ಠ ಹದಿನೈದು ಅಡಿ ಬಿಡುತ್ತೇನೆ. ವೇದಿಕೆ ನಾಲ್ಕು ಅಡಿ ಎತ್ತರವಿದ್ದರೆ ಕುಳಿತವರ ಕಣ್ಣಿನ ಮಟ್ಟವೂ ಹೆಚ್ಚುಕಡಿಮೆ ಅಷ್ಟೇ. ತೀರ ಹತ್ತಿರ ಹಾಕಿದರೆ ಕತ್ತೆತ್ತಿಯೇ ಕೂರಬೇಕು, ಭರತನಾಟ್ಯ ಮಾಡುವ ಮಗುವಿನ ಪಾದವೂ ಕಾಣುವುದಿಲ್ಲ. ಗಣ್ಯರ ಸಾಲು ಎರಡೇ ಸಾಕು, ಬೆನ್ನಿನಿಂದ ಬೆನ್ನಿಗೆ ನಾಲ್ಕು ಅಡಿ. ಎದುರಿಗೆ ಟೀಪಾಯಿ ಬೇಡ, ಎದ್ದು ನಿಲ್ಲುವಾಗ ಮೊಣಕಾಲಿಗೆ ಅದೇ ತಾಗುತ್ತದೆ. ಎರಡು ಕುರ್ಚಿಯ ನಡುವೆ ಒಂದು ಸಣ್ಣ ಸ್ಟೂಲ್ ಇಟ್ಟರೆ ಕಾಫಿ ಲೋಟಕ್ಕೂ ಕನ್ನಡಕಕ್ಕೂ ಜಾಗವಾಯಿತು. ಗಣ್ಯರ ಜೊತೆ ಗನ್‌ಮ್ಯಾನ್, ಪಿಎ, ಡ್ರೈವರ್ ಬರುತ್ತಾರೆ. ಅವರಿಗೂ ಬದಿಯಲ್ಲಿ ಕುರ್ಚಿ ಹಾಕಿ. ಅವರೂ ಬೆಳಿಗ್ಗೆಯಿಂದ ಓಡಾಡಿ ದಣಿದವರು; ಕೂರಲು ಜಾಗವಿಲ್ಲದೆ ಹಿಂದೆ ನಿಂತರೆ ಸಭಿಕರಿಗೆ ವೇದಿಕೆ ಮರೆಯಾಗುತ್ತದೆ. ಫೋಟೊಗ್ರಾಫರುಗಳಿಗೂ ಬದಿಯಲ್ಲೇ ಒಂದು ದಾರಿ.

ಸೌಂಡಿನವರ ಹತ್ತಿರ ನಾನು ಮೊದಲೇ ಮಾತಾಡುತ್ತೇನೆ. ವೇದಿಕೆಯ ಬುಡದಲ್ಲಿ ಬೇಸ್ ಬಾಕ್ಸ್ ಇಟ್ಟರೆ ಮುಂದಿನ ಸಾಲಿನವರ ಎದೆಗೇ ಬಡಿಯುತ್ತದೆ. ಅದನ್ನು ಬದಿಗೆ ಸರಿಸಿ, ಟಾಪ್ ಬಾಕ್ಸನ್ನು ಸ್ಟ್ಯಾಂಡಿನ ಮೇಲೆ ಎತ್ತರಿಸಿದರೆ ಸದ್ದು ಮುಂದಿನವರ ತಲೆ ಮೇಲಿಂದ ಹಿಂದಿನವರಿಗೆ ಮುಟ್ಟುತ್ತದೆ. ಜನರೇಟರ್ ಗಾಳಿ ಹೋಗುವ ದಿಕ್ಕಿಗೆ, ಆದಷ್ಟೂ ದೂರ. ಕಬ್ಬಿಣದ ಕಂಬಕ್ಕೆಲ್ಲ ಅರ್ಥಿಂಗ್ ಆಗಲೇಬೇಕು, ವೈರು ಕಾರ್ಪೆಟ್ಟಿನಡಿ ಹಾಯಬಾರದು.

ಮಲೆನಾಡಿನ ಸಂಜೆಗೆ ಬೇರೆಯೇ ಎರಡು ತಯಾರಿ ಬೇಕು. ಮೊದಲ ಮಳೆ ಬಿದ್ದ ಮೇಲೆ ರೆಕ್ಕೆ ಬಂದ ಗೆದ್ದಲು ದೀಪಕ್ಕೆ ಮುತ್ತುತ್ತದೆ. ಕಾಫಿ ಲೋಟಕ್ಕೆ, ಸೀರೆಯ ನೆರಿಗೆಗೆ, ಹೂವಿನ ಹಾರಕ್ಕೆಲ್ಲ ಬೀಳುತ್ತದೆ. ಗಣ್ಯರ ಮೇಲೆ ಹಳದಿ ಬೆಳಕನ್ನು ಮಂದವಾಗಿ ಇಟ್ಟು, ಐವತ್ತು ಅಡಿ ದೂರದ ಮೂಲೆಯಲ್ಲಿ ಪ್ರಖರವಾದ ಬಿಳಿ ದೀಪ ಹಾಕಿದರೆ ಹುಳು ಬಹುಪಾಲು ಅತ್ತ ಹೋಗುತ್ತದೆ. ಇನ್ನೊಂದು ಇಬ್ಬನಿ. ಜನವರಿಯ ರಾತ್ರಿ ಬಯಲಲ್ಲಿಟ್ಟ ಕುಶನ್ ಮುಟ್ಟಿದರೆ ಒದ್ದೆ. ಮೇಲೆ ತೆಳು ಬಟ್ಟೆಯಿದ್ದರೂ ಸಾಕು, ಇಬ್ಬನಿ ಕುರ್ಚಿಯ ಮೇಲೆ ಕೂರುವುದಿಲ್ಲ. ಅಲಂಕಾರಕ್ಕೆ ತೆರೆದ ಆಕಾಶ ಚೆಂದ ಎನ್ನುವವರಿಗೆ ಇದನ್ನೇ ಹೇಳುತ್ತೇನೆ. ಚಳಿಗೆ ಗಾಳಿ ಬರುವ ಬದಿಯ ಪರದೆ ಇಳಿಸಿ, ಶಾಲುಗಳ ಒಂದು ಬುಟ್ಟಿ ಇಡಿ. ಕೆಂಡದ ಬಾಣಲೆಯನ್ನು ಬಟ್ಟೆಯ ಟೆಂಟಿನೊಳಗೆ ತರಲೇಬೇಡಿ, ಕಿಡಿಯ ಅಪಾಯವೂ ಇದೆ, ಮುಚ್ಚಿದ ಜಾಗದಲ್ಲಿ ಆ ಹೊಗೆ ವಿಷವೂ ಹೌದು.

ಶೌಚಾಲಯವನ್ನು ಎಲ್ಲರೂ ಕೊನೆಗೆ ನೆನೆಯುತ್ತಾರೆ. ಸಕ್ಕರೆ ಕಾಯಿಲೆಯಿರುವ ಹಿರಿಯರು ಎರಡು ಗಂಟೆ ತಡೆದುಕೊಂಡು ಕೂರಲಾರರು. ಸಭೆಯ ಮುಂದೆ ಹಾಯದೆ, ಬದಿಯಿಂದಲೇ ಎದ್ದುಹೋಗುವ ದಾರಿ ಇರಬೇಕು, ಆ ದಾರಿಯುದ್ದಕ್ಕೂ ಬೆಳಕಿರಬೇಕು, ಒಳಗೆ ಹಿಡಿದುಕೊಳ್ಳಲು ಒಂದು ಕಂಬಿ ಇರಬೇಕು. ಕಾರಿಗೆ ಹೋಗುವ ದಾರಿಯೂ ಇದೇ ಬದಿಗಿದ್ದರೆ ಒಳ್ಳೆಯದು.

ದರದ ಮಾತು ಬಂದಾಗ ಗಿರಾಕಿಗಳಿಗೆ ಹೇಳುವುದಿಷ್ಟು: ಸೋಫಾ ಬಾಡಿಗೆ ಕುರ್ಚಿಗಿಂತ ಜಾಸ್ತಿ, ಸಾಗಾಟವೂ ಜಾಸ್ತಿ. ಅಲ್ಲಿ ಉಳಿದ ಹಣವನ್ನು ಅಟ್ಟಣೆಗೆ, ಪಶ್ಚಿಮದ ಪರದೆಗೆ ಹಾಕಿ. ಒಪ್ಪಂದ ಬರೆಯುವಾಗ ಕುರ್ಚಿಯ ಎತ್ತರ, ಅಟ್ಟಣೆಯ ಅಳತೆ, ಇಳಿಜಾರು ಹಲಗೆಯ ಉದ್ದ ಮೂರನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಕಾರ್ಯಕ್ರಮದ ದಿನ ಬೆಳಿಗ್ಗೆ ಮನೆಯಲ್ಲಿ ಎಲ್ಲರಿಗಿಂತ ಹಿರಿಯರಾದವರನ್ನು ಕರೆತಂದು ಆ ಕುರ್ಚಿಯಲ್ಲಿ ಕೂರಿಸಿ, ಎಬ್ಬಿಸಿ ನೋಡಿ. ಅವರು ಸಲೀಸಾಗಿ ಎದ್ದರೆ ಉಳಿದವುಗಳನ್ನು ಲಾರಿಯಿಂದ ಇಳಿಸಿಕೊಳ್ಳಬಹುದು.