ದೋಸೆ ಕಾವಲಿ ಮೇಲೆ ವೆಲ್ಶ್ ಕೇಕ್: ನನ್ನ ಅನುಭವ

ವೇಲ್ಸ್‌ನ ಸ್ವಾನ್ಸಿಯಲ್ಲಿ ಒಂಬತ್ತು ವರ್ಷ ಇದ್ದೆವು. ಈಗ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಬಂದು ಮೂರು ವರ್ಷ ಆಯಿತು. ಮೈಸೂರಿನ ಅಡುಗೆಗೆ ಇಲ್ಲಿ ಏನೂ ತೊಂದರೆ ಇಲ್ಲ, ಬೇಳೆ, ಹುಣಸೆಹಣ್ಣು, ಸೋನಾ ಮಸೂರಿ ಎಲ್ಲ ಸಿಗುತ್ತದೆ. ಸಿಗದೇ ಇದ್ದದ್ದು ವೇಲ್ಸ್‌ನ ತಿಂಡಿ. ಮಕ್ಕಳಿಬ್ಬರೂ ಅಲ್ಲೇ ಹುಟ್ಟಿದವರು, ಅವರಿಗೆ ಸಂಜೆ ತಿಂಡಿ ಅಂದರೆ ಚಕ್ಕುಲಿ ಅಲ್ಲ, ವೆಲ್ಶ್ ಕೇಕ್, ಅಂದರೆ ಒಣದ್ರಾಕ್ಷಿ ಹಾಕಿ ಕಾವಲಿ ಮೇಲೆ ಬೇಯಿಸುವ ಚಪ್ಪಟೆ ಸಿಹಿ ಕೇಕ್.

ಅದನ್ನು ಕಲಿಸಿದ್ದು ಸ್ವಾನ್ಸಿಯ ಪಕ್ಕದ ಮನೆ ಅಜ್ಜಿ. ದಕ್ಷಿಣ ವೇಲ್ಸ್‌ನಲ್ಲಿ ಅಜ್ಜಿಗೆ ‘ಮಾಮ್‌ಗಿ’ ಅಂತಾರೆ, ನಮ್ಮ ಮಕ್ಕಳೂ ಹಾಗೇ ಕರೆಯುತ್ತಿದ್ದರು. ಒಂದು ದಿನ ನಮ್ಮ ಮನೆಗೆ ಬಂದಾಗ ಒಲೆ ಮೇಲಿದ್ದ ಬೀಡು ಕಬ್ಬಿಣದ ಕಾವಲಿ ನೋಡಿ, ‘ಓ, ನಿಮ್ಮಲ್ಲೂ ಮೈನ್ ಇದೆಯಾ!’ ಅಂದರು. ವೆಲ್ಶ್ ಭಾಷೆಯಲ್ಲಿ ಮೈನ್ ಅಂದರೆ ಕಲ್ಲು. ಹಿಂದೆ ಕಲ್ಲಿನ ಮೇಲೆ ಬೇಯಿಸುತ್ತಿದ್ದರಂತೆ, ಆಮೇಲೆ ಕಬ್ಬಿಣದ ದಪ್ಪ ತಟ್ಟೆ ಬಂದರೂ ಹೆಸರು ಉಳಿಯಿತು. ನಮ್ಮಮ್ಮ ಕೊಟ್ಟ ಕಾವಲಿಗೂ ಅವರ ಮೈನ್‌ಗೂ ಹಿಡಿ ಒಂದು ಬಿಟ್ಟರೆ ವ್ಯತ್ಯಾಸವೇ ಇರಲಿಲ್ಲ.

ಅಳತೆ ಹೇಳಿಬಿಡುತ್ತೇನೆ. 225 ಗ್ರಾಂ ಮೈದಾ, ಎರಡೂವರೆ ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಅರ್ಧ ಚಮಚ ಚಕ್ಕೆ-ಜಾಯಿಕಾಯಿ ಪುಡಿ. ಇದಕ್ಕೆ 110 ಗ್ರಾಂ ತಣ್ಣಗಿನ ಬೆಣ್ಣೆ ಹಾಕಿ ಬೆರಳ ತುದಿಯಲ್ಲಿ ಉಜ್ಜಬೇಕು, ರವೆ ತರ ಆಗುವವರೆಗೆ. ಆಮೇಲೆ 75 ಗ್ರಾಂ ಸಕ್ಕರೆ, ಅಷ್ಟೇ ಸಣ್ಣ ಕಪ್ಪು ಒಣದ್ರಾಕ್ಷಿ, ಒಂದು ಮೊಟ್ಟೆ. ಒಣಗಿದ ಹಾಗಿದ್ದರೆ ಒಂದು ಚಮಚ ಹಾಲು. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ, ಒಟ್ಟುಗೂಡಿಸಿದರೆ ಸಾಕು, ನಾದಿದರೆ ಗಟ್ಟಿಯಾಗುತ್ತದೆ. ಅರ್ಧ ಬೆರಳು ದಪ್ಪ ಲಟ್ಟಿಸಿ ಲೋಟದ ಬಾಯಿಂದ ಕತ್ತರಿಸುತ್ತೇನೆ.

ಮುಖ್ಯವಾದ್ದು ಉರಿ. ದೋಸೆಗೆ ಕಾಯಿಸುವ ಹಾಗೆ ಕಾಯಿಸಿದರೆ ಕೆಟ್ಟಿತು. ಹೊರಗೆ ಕಪ್ಪಾಗಿ ಒಳಗೆ ಹಸಿ ಹಿಟ್ಟು ಉಳಿಯುತ್ತದೆ. ಮಾಮ್‌ಗಿ ಕಾವಲಿ ಮೇಲೆ ಒಂದು ಚಿಟಿಕೆ ಮೈದಾ ಉದುರಿಸಿ ನೋಡುತ್ತಿದ್ದರು. ಅದು ತಕ್ಷಣ ಕಪ್ಪಾದರೆ ಉರಿ ಜಾಸ್ತಿ, ನಿಧಾನಕ್ಕೆ ಕಂದು ಬಣ್ಣಕ್ಕೆ ತಿರುಗಿದರೆ ಸರಿ. ಒಂದೊಂದು ಮಗ್ಗುಲು ಮೂರು ನಿಮಿಷ. ತಿರುವಿ ಹಾಕಿದಾಗ ಅಂಚಿನಲ್ಲಿ ಸಿಕ್ಕಿದ ದ್ರಾಕ್ಷಿ ಉಬ್ಬಿ ಒಂದೆರಡು ಒಡೆಯುತ್ತವೆ, ಅದರ ರಸ ಕಬ್ಬಿಣಕ್ಕೆ ತಾಗಿ ಪಾಕದ ವಾಸನೆ ಬರುತ್ತದೆ. ಬಿಸಿ ಇರುವಾಗಲೇ ಸಕ್ಕರೆಯಲ್ಲಿ ಹೊರಳಿಸಿಬಿಡಬೇಕು, ಆರಿದ ಮೇಲೆ ಸಕ್ಕರೆ ಅಂಟುವುದಿಲ್ಲ.

ಇದಕ್ಕೆ ಇಲ್ಲಿ ಎಲ್ಲ ಸಿಗುತ್ತದೆ. ಕಷ್ಟ ಬಂದದ್ದು ಚೀಸ್‌ಗೆ. ಕೇರ್ಫಿಲಿ ಅಂತ ಬೆಳ್ಳಗಿನ, ಪುಡಿಪುಡಿಯಾಗುವ, ಸ್ವಲ್ಪ ಹುಳಿಯ ಚೀಸ್, ಹಿಂದೆ ಗಣಿ ಕೆಲಸದವರು ಬುತ್ತಿಗೆ ಒಯ್ಯುತ್ತಿದ್ದದ್ದು. ಮೊದಲ ಸಲ ಸ್ವಾನ್ಸಿಗೆ ಹೋಗಿ ಬರುವಾಗ ಎರಡು ಗಡ್ಡೆ ತಂದೆ. ವಿಮಾನ ನಿಲ್ದಾಣದಲ್ಲಿ ತೆಗೆದು ಎಸೆದರು. 2021ರ ಜನವರಿಯಿಂದ ಬ್ರಿಟನ್‌ನಿಂದ ಯುರೋಪಿಯನ್ ಒಕ್ಕೂಟಕ್ಕೆ ಮಾಂಸ, ಹಾಲಿನ ಪದಾರ್ಥ ಸೂಟ್‌ಕೇಸ್‌ನಲ್ಲಿ ತರುವ ಹಾಗಿಲ್ಲ. ನಿಮಗೂ ಆಸೆಯಿದ್ದರೆ ಬಿಟ್ಟುಬಿಡಿ, ಸುಮ್ನೆ ದುಡ್ಡು ದಂಡ. ಗ್ಲಾಮೋರ್ಗನ್ ಸಾಸೇಜ್‌ಗೆ (ಹೆಸರು ಹಾಗಿದ್ದರೂ ಅದರಲ್ಲಿ ಮಾಂಸ ಇಲ್ಲ, ಚೀಸ್, ಲೀಕ್ ಅನ್ನುವ ಈರುಳ್ಳಿ ಜಾತಿಯ ತರಕಾರಿ, ಬ್ರೆಡ್ ಪುಡಿ ಅಷ್ಟೇ) ನಾನೀಗ ಎಳೆ ಡಚ್ ಚೀಸ್ ತುರಿದು ಸ್ವಲ್ಪ ಫೆಟಾ ಪುಡಿ ಮಾಡಿ ಹಾಕುತ್ತೇನೆ. ಹುಳಿ, ಉಪ್ಪು ಎರಡೂ ಹತ್ತಿರ ಬರುತ್ತವೆ. ಲೀಕ್‌ಗಂತೂ ಇಲ್ಲಿ ಬರವೇ ಇಲ್ಲ.

ರೇರ್‌ಬಿಟ್‌ಗೆ (ಟೋಸ್ಟ್ ಮೇಲೆ ಸುರಿಯುವ ಚೀಸ್ ಸಾಸ್) ಮಾತ್ರ ತುಂಬಾ ಹಳೆಯ ಗೌಡಾ ಚೀಸ್ ಹಾಕಬೇಡಿ, ಎಣ್ಣೆ ಬಿಟ್ಟು ಹರಳು ಹರಳಾಗುತ್ತದೆ. ನಡುವಣ ವಯಸ್ಸಿನದು ಸರಿ. ಬೆಣ್ಣೆ, ಮೈದಾ ಹುರಿದು, ಕಪ್ಪು ಬಿಯರ್ ಹಾಕಿ, ಸಾಸಿವೆ ಪೇಸ್ಟ್ ಸೇರಿಸಿ, ಚೀಸ್ ಕರಗಿಸಿ ಟೋಸ್ಟ್ ಮೇಲೆ ಸುರಿದು ಗ್ರಿಲ್ ಮಾಡುವುದು. ಶರತ್ಕಾಲದಲ್ಲಿ ಇಲ್ಲಿ ಬರುವ ಬಾಕ್ ಬಿಯರ್ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ನನ್ನ ಯಜಮಾನರಿಗೆ ವೇಲ್ಸ್‌ನ ಪೆಂಡೆರಿನ್ ವಿಸ್ಕಿ ಇಷ್ಟ, ಅದು 2004ರ ಮಾರ್ಚ್ 1ರಂದು, ವೇಲ್ಸ್‌ನವರ ಹಬ್ಬವಾದ ಸಂತ ಡೇವಿಡ್ ದಿನವೇ, ಮಾರಾಟಕ್ಕೆ ಬಂದದ್ದು. ಆನ್‌ಲೈನ್‌ನಲ್ಲಿ ತರಿಸುತ್ತೇವೆ. ಟೀ ಪುಡಿಯನ್ನಂತೂ ವೇಲ್ಸ್‌ನಿಂದಲೇ ತರಬೇಕು. ಇಲ್ಲಿನ ಟೀ ತೆಳು. ಬಾರಾ ಬ್ರೀತ್‌ಗೆ (ಒಣದ್ರಾಕ್ಷಿ ಹಾಕಿದ ವೇಲ್ಸ್‌ನ ಸಿಹಿ ಬ್ರೆಡ್) ಒಣದ್ರಾಕ್ಷಿಯನ್ನು ರಾತ್ರಿಯಿಡೀ ಕಡು ಟೀಯಲ್ಲಿ ನೆನೆಸಬೇಕಲ್ವಾ, ಟೀ ತೆಳುವಾದರೆ ಆ ಬ್ರೆಡ್‌ಗೆ ರುಚಿಯೇ ಬರುವುದಿಲ್ಲ.

ಅದೇ ಮಾರ್ಚ್ 1ಕ್ಕೆ ನಮ್ಮ ಮನೆಯಲ್ಲಿ ಕೌಲ್, ವೇಲ್ಸ್‌ನವರ ಮಾಂಸ-ತರಕಾರಿ ಸಾರು. ಟರ್ಕಿಯವರ ಅಂಗಡಿಯಿಂದ ಕುರಿಯ ಕತ್ತಿನ ಮಾಂಸ, ಆಲೂಗಡ್ಡೆ, ಕ್ಯಾರೆಟ್, ಲೀಕ್, ಉಪ್ಪು, ಮೆಣಸು. ಮಸಾಲೆ ಹಾಕಲು ಕೈ ತುರಿಸುತ್ತದೆ, ಹಾಕಬೇಡಿ. ನಮ್ಮ ತಂಗಳು ಸಾರಿನ ಹಾಗೆ ಮರುದಿನ ಬಿಸಿ ಮಾಡಿದರೆ ಇನ್ನೂ ರುಚಿ.

ಲಾವರ್ ಬ್ರೆಡ್‌ಗೂ ಒಂದು ದಾರಿ ಸಿಕ್ಕಿತು. ಅದು ಬ್ರೆಡ್ ಅಲ್ಲ, ಕಡಲ ಪಾಚಿಯನ್ನು ಗಂಟೆಗಟ್ಟಲೆ ಬೇಯಿಸಿದ ಕಪ್ಪು ಹಸಿರು ಮುದ್ದೆ. ಜಪಾನಿನವರ ನೋರಿ ಹಾಳೆಯೂ ಅದೇ ಕುಟುಂಬದ ಪಾಚಿಯದು. ಏಷ್ಯನ್ ಅಂಗಡಿಯಲ್ಲಿ ಹುರಿಯದ ನೋರಿ ಹುಡುಕಿ, ಹತ್ತು ಹಾಳೆ ಹರಿದು, ನೀರು, ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ, ಓಟ್ಸ್ ಕಲಸಿ ವಡೆಯ ಹಾಗೆ ತಟ್ಟಿ ಅದೇ ಕಾವಲಿಯಲ್ಲಿ ಕೆಂಪಗೆ ಮಾಡುತ್ತೇನೆ. ದೊಡ್ಡ ಮಗಳು ಕಣ್ಣು ಮುಚ್ಚಿ ತಿಂದು, ‘ಅಮ್ಮಾ, ಇದು ಅದೇ’ ಅಂದಳು.

ಸ್ವಾನ್ಸಿ ಹತ್ತಿರದ ಪೆನ್‌ಕ್ಲೌದ್ ಊರಿನ ಕಾಕಲ್ಸ್‌ಗೆ ಮಾತ್ರ ಬದಲಿ ಇಲ್ಲ. ಕರಾವಳಿಯವರ ಮರುವಾಯಿಯ ತರದ ಚಿಪ್ಪಿನ ಮಾಂಸ ಅದು. ಸ್ವಾನ್ಸಿ ಮಾರ್ಕೆಟ್‌ನಲ್ಲಿ ಸಣ್ಣ ಡಬ್ಬಿಗೆ ತುಂಬಿಸಿಕೊಂಡು, ವಿನೆಗರ್, ಬಿಳಿ ಮೆಣಸಿನ ಪುಡಿ ಹಾಕಿ ನಿಂತಲ್ಲೇ ತಿನ್ನಬೇಕು. ಈ ಬೇಸಿಗೆಯಲ್ಲಿ ಹೋಗುತ್ತೇವೆ. ಮಾಮ್‌ಗಿಗೆ ಕೊಡಲು ಮೈಸೂರಿನಿಂದ ಒಂದು ಹೊಸ ಕಾವಲಿ ತರಿಸಿಟ್ಟಿದ್ದೇನೆ, ಎರಡು ಸಲ ಎಣ್ಣೆ ಸವರಿ ಪಳಗಿಸಿದ್ದೂ ಆಯಿತು.