ದೊಡ್ಡ ನಗರದಲ್ಲಿ ಕಲಾ ಪ್ರದರ್ಶನ, ಫ್ಯಾಷನ್ ಶೋ: ಹೋಗುವುದು ಹೇಗೆ, ನೋಡುವುದು ಹೇಗೆ?

ಗ್ಯಾಲರಿಯ ಗಾಜಿನ ಬಾಗಿಲ ತನಕ ಹೋಗಿ, ಒಳಗೆ ಯಾರೂ ಇಲ್ಲದ್ದನ್ನು ನೋಡಿ ಹಾಗೇ ಮುಂದೆ ನಡೆದುಬಿಡುವವರು ಬಹಳ ಜನ. ಇದು ನಮ್ಮಂಥವರಿಗಲ್ಲ ಅನ್ನುವ ಅಳುಕು. ಆ ಅಳುಕು ಬೇಡವೇ ಬೇಡ. ಚಿತ್ರ ಮಾರುವ ಗ್ಯಾಲರಿಗಳಲ್ಲೂ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ. ಸುಮ್ನೆ ನೋಡಿಕೊಂಡು ಬಂದರೆ ಯಾರೂ ಏನೂ ಅನ್ನುವುದಿಲ್ಲ. ಫ್ಯಾಷನ್ ಶೋ ವಿಷಯ ಸ್ವಲ್ಪ ಬೇರೆ. ಅಲ್ಲಿ ಬಾಗಿಲು ಎಲ್ಲರಿಗೂ ತೆರೆದಿರುವುದಿಲ್ಲ, ಆದರೂ ದಾರಿಗಳಿವೆ.

ನನ್ನ ಸಲಹೆ ಇಷ್ಟೇ: ಮೊದಲು ಪ್ರದರ್ಶನ, ಆಮೇಲೆ ಶೋ. ಪ್ರದರ್ಶನದಲ್ಲಿ ಸಮಯ ನಿಮ್ಮ ಕೈಯಲ್ಲಿರುತ್ತದೆ. ಒಂದು ಚಿತ್ರದ ಮುಂದೆ ಅರ್ಧ ಗಂಟೆ ನಿಂತರೂ ಅದು ಅಲ್ಲೇ ಇರುತ್ತದೆ. ಶೋ ಹಾಗಲ್ಲ. ಹತ್ತು–ಹದಿನೈದು ನಿಮಿಷದಲ್ಲಿ ಎಲ್ಲ ಮುಗಿದುಹೋಗುತ್ತದೆ, ಒಂದು ಉಡುಪು ಕಣ್ಣೆದುರು ಇರುವುದು ಕೆಲವೇ ಸೆಕೆಂಡ್. ನಿಧಾನವಾಗಿ ನೋಡಿ ಪಳಗಿದ ಕಣ್ಣಿಗೆ ಆ ಓಟದಲ್ಲೂ ಏನಾದರೂ ಸಿಗುತ್ತದೆ.

ಹೊರಡುವ ಮುನ್ನ

ಮೊದಲು ರಜೆ ಯಾವಾಗ ಅಂತ ನೋಡಿಕೊಳ್ಳಿ. ಅನೇಕ ಮ್ಯೂಸಿಯಂಗಳಿಗೆ ಸೋಮವಾರ ರಜೆ. ಪ್ಯಾರಿಸ್ಸಿನ ಲೂವ್ರ್‌ಗೆ ಮಂಗಳವಾರ. ಆಮೇಲೆ ಟಿಕೆಟ್. ಕಾಯಂ ಸಂಗ್ರಹಕ್ಕೂ ವಿಶೇಷ ಪ್ರದರ್ಶನಕ್ಕೂ ಬೇರೆ ಬೇರೆ ಲೆಕ್ಕ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಕಾಯಂ ಸಂಗ್ರಹ ಉಚಿತ, ದೊಡ್ಡ ವಿಶೇಷ ಪ್ರದರ್ಶನಗಳಿಗೆ ದುಡ್ಡು ಕೊಡಬೇಕು. ಇಂಥ ಟಿಕೆಟ್‌ನಲ್ಲಿ ಸಾಮಾನ್ಯವಾಗಿ ಒಳಗೆ ಹೋಗುವ ಸಮಯವೂ ನಿಗದಿಯಾಗಿರುತ್ತದೆ.

ಕೊನೆಯ ವಾರದ ತನಕ ಕಾಯಬೇಡಿ. ಬ್ರಿಟಿಷ್ ವಿನ್ಯಾಸಕ ಅಲೆಕ್ಸಾಂಡರ್ ಮೆಕ್ವೀನ್ ಉಡುಪುಗಳ ಪ್ರದರ್ಶನ 2011ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನಡೆದಾಗ 6.6 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ಕೊನೆಕೊನೆಗೆ ಗಂಟೆಗಟ್ಟಲೆ ಕ್ಯೂ. ಅದೇ ಪ್ರದರ್ಶನ 2015ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಬಂದಾಗ, ಕೊನೆಯ ದಿನಗಳಲ್ಲಿ ರಾತ್ರಿಯಿಡೀ ಬಾಗಿಲು ತೆರೆದಿಡಬೇಕಾಯಿತು! ಶುರುವಾದ ಎರಡು ಮೂರು ವಾರ ಬಿಟ್ಟು, ವಾರದ ಮಧ್ಯೆ ಬೆಳಿಗ್ಗೆ ಹೋದರೆ ನೆಮ್ಮದಿ. ವಾರಕ್ಕೊಂದು ದಿನ ರಾತ್ರಿ ತನಕ ತೆರೆದಿರುವ ಮ್ಯೂಸಿಯಂಗಳೂ ಇವೆ. ಆ ಹೊತ್ತಿನಲ್ಲೂ ಜನ ಕಡಿಮೆ.

ಕಾಲಿಗೆ ಹಿತವಾದ ಚಪ್ಪಲಿಯೋ ಶೂವೋ ಇರಲಿ. ಬೆನ್ನಿಗೆ ಹಾಕುವ ದೊಡ್ಡ ಬ್ಯಾಗನ್ನು ಬಾಗಿಲಲ್ಲೇ ಇಡಿಸಿಕೊಳ್ಳುತ್ತಾರೆ. ಬರೆದುಕೊಳ್ಳುವುದಿದ್ದರೆ ಪೆನ್ಸಿಲ್ ತನ್ನಿ, ಅನೇಕ ಕಡೆ ಪೆನ್ನು ಬಳಸಲು ಬಿಡುವುದಿಲ್ಲ.

ಒಳಗೆ ಹೋದ ಮೇಲೆ

ಮೊದಲ ಸುತ್ತು ಬೇಗ ಮುಗಿಸಿ. ಎಲ್ಲೂ ನಿಲ್ಲದೆ, ಏನನ್ನೂ ಓದದೆ ಒಮ್ಮೆ ನಡೆದುಬನ್ನಿ. ಯಾವುದು ಕರೆಯಿತೋ ಆ ಮೂರೋ ನಾಲ್ಕೋ ಕೃತಿಗಳ ಬಳಿಗೆ ವಾಪಸ್ ಹೋಗಿ. ಉಳಿದವನ್ನು ಬಿಟ್ಟುಬಿಡಿ. ದುಡ್ಡು ಕೊಟ್ಟಿದ್ದೇವೆ, ಎಲ್ಲ ನೋಡಲೇಬೇಕು ಅಂತ ಹೊರಟರೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಸುತ್ತಿ ಸುತ್ತಿ ಕಾಲೂ ಕಣ್ಣೂ ಸೋಲುವುದರ ಬಗ್ಗೆ ಬೆಂಜಮಿನ್ ಐವ್ಸ್ ಗಿಲ್ಮನ್ ಎಂಬವರು 1916ರಲ್ಲೇ ಲೇಖನ ಬರೆದಿದ್ದರು. ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನೋಡುಗರನ್ನು ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಚಿತ್ರದ ಮುಂದೆ ಜನ ನಿಂತದ್ದು ಸರಾಸರಿ 27 ಸೆಕೆಂಡ್. ಅದರಲ್ಲಿ ಪಕ್ಕದ ಫಲಕ ಓದುವ ಸಮಯವೂ ಸೇರಿತ್ತು!

ಹಾಗಾಗಿ ಫಲಕ ಆಮೇಲೆ ಓದಿ. ಮೊದಲು ದೂರ ನಿಂತು ಇಡೀ ಚಿತ್ರ ನೋಡಿ. ಮತ್ತೆ ಕಾವಲಿನವರು ಬಿಡುವಷ್ಟು ಹತ್ತಿರ ಹೋಗಿ. ಕೊನೆಗೆ ಒಂದು ಪಕ್ಕಕ್ಕೆ ಸರಿದು, ಓರೆಯಾಗಿ ನೋಡಿ. ತೈಲವರ್ಣದ ಚಿತ್ರವಾದರೆ ಇಲ್ಲೇ ಮಜಾ ಇರುವುದು. ಎದುರಿನಿಂದ ಸಪಾಟಾಗಿ ಕಂಡ ಬಿಳಿ ಬಣ್ಣ ಪಕ್ಕದಿಂದ ದಿಬ್ಬದ ಹಾಗೆ ಎದ್ದಿರುತ್ತದೆ, ಕುಂಚದ ಕೂದಲೆಳೆದ ಗೀರುಗಳು ಒಂದೊಂದೂ ಕಾಣುತ್ತವೆ. ಕಲಾವಿದ ಎಲ್ಲಿ ಒತ್ತಿದ, ಎಲ್ಲಿ ಕೈ ಹಗುರ ಮಾಡಿದ ಅನ್ನುವುದು ಗೊತ್ತಾಗುತ್ತದೆ. ಯಾವ ಫೋನಿನಲ್ಲೂ ಇದು ಸಿಗುವುದಿಲ್ಲ. ಗಾತ್ರವೂ ಅಷ್ಟೆ. ಮೋನಾಲಿಸಾ ಬರೀ 77 ಸೆಂ.ಮೀ. ಎತ್ತರ, 53 ಸೆಂ.ಮೀ. ಅಗಲ. ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿರುವ, ಚಿತ್ರಕಾರ ವೆಲಾಸ್ಕೆಸ್‌ನ ‘ಲಾಸ್ ಮೆನಿನಾಸ್’ 3 ಮೀಟರ್‌ಗೂ ಎತ್ತರ. ಫೋನಿನಲ್ಲಿ ಎರಡೂ ಒಂದೇ ಅಳತೆ ಅಲ್ವಾ?

ಮಾರಾಟದ ಗ್ಯಾಲರಿಯಾದರೆ ಹೆಸರಿನ ಪಕ್ಕ ಕೆಂಪು ಚುಕ್ಕಿ ಇದ್ದರೆ ಆ ಕೃತಿ ಮಾರಾಟವಾಗಿದೆ ಅಂತ. ಬೆಲೆಪಟ್ಟಿ ಸಾಮಾನ್ಯವಾಗಿ ಮೇಜಿನ ಬಳಿ ಇರುತ್ತದೆ, ಧೈರ್ಯವಾಗಿ ಕೇಳಿ. ಪ್ರದರ್ಶನ ಉದ್ಘಾಟನೆಯ ಸಂಜೆ ಕಲಾವಿದರೇ ಸಿಗುತ್ತಾರೆ. ಆದರೆ ಅವತ್ತು ಮಾತು ಜಾಸ್ತಿ, ನೋಡುವುದಕ್ಕೆ ಇನ್ನೊಂದು ದಿನ ಹೋಗುವುದೇ ಒಳ್ಳೆಯದು.

ಮ್ಯೂಸಿಯಂನಲ್ಲಿ ಉಡುಪು

ಶೋಗೆ ಹೋಗುವ ಮುಂಚೆ ಈ ಹೆಜ್ಜೆ ತಪ್ಪಿಸಬೇಡಿ. ಪ್ಯಾರಿಸ್ಸಿನ ಪಾಲೆ ಗಲ್ಯೆರಾ ಮ್ಯೂಸಿಯಂ ಇರುವುದೇ ಫ್ಯಾಷನ್‌ಗಾಗಿ. ಮೆಟ್ರೊಪಾಲಿಟನ್ ಮ್ಯೂಸಿಯಂನ ಉಡುಪು ವಿಭಾಗವಾದ ಕಾಸ್ಟ್ಯೂಮ್ ಇನ್‌ಸ್ಟಿಟ್ಯೂಟ್‌ನ ವಾರ್ಷಿಕ ದೊಡ್ಡ ಪ್ರದರ್ಶನ, ಮೇ ಮೊದಲ ಸೋಮವಾರದ ಮೆಟ್ ಗಾಲಾ (ಈ ವಿಭಾಗಕ್ಕೆ ಹಣ ಕೂಡಿಸುವ ಗಣ್ಯರ ಔತಣಕೂಟ) ಮುಗಿದ ಮೇಲೆ ಜನರಿಗೆ ತೆರೆಯುತ್ತದೆ.

ಇಲ್ಲಿ ಕೋಣೆ ಮಬ್ಬಾಗಿರುತ್ತದೆ. ಬೆಳಕಿಗೆ ಬಟ್ಟೆಯ ಬಣ್ಣ ಮಾಸುತ್ತದೆ, ನೂಲು ಬಲ ಕಳೆದುಕೊಳ್ಳುತ್ತದೆ. ಅದಕ್ಕೇ ಬೆಳಕಿನ ಅಳತೆಯಲ್ಲಿ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬಿಡುವುದಿಲ್ಲ. ಒಳಗೆ ಹೋದ ಕೂಡಲೇ ಏನೂ ಕಾಣುತ್ತಿಲ್ಲ ಅಂತ ಬೇಸರಪಡಬೇಡಿ. ಎರಡು ಮೂರು ನಿಮಿಷ ನಿಲ್ಲಿ, ಕಣ್ಣು ಹೊಂದಿಕೊಳ್ಳುತ್ತದೆ. ಆಮೇಲೆ ತೋಳು ಭುಜಕ್ಕೆ ಸೇರುವ ಜಾಗ ನೋಡಿ. ಅಂಚು ಮಡಿಸಿದ ರೀತಿ ನೋಡಿ. ಪಟ್ಟೆ ಅಥವಾ ಚೌಕಳಿ ಬಟ್ಟೆಯಾದರೆ ಹೊಲಿಗೆಯ ಎರಡೂ ಬದಿ ಗೆರೆ ಕೂಡಿದೆಯಾ ಅಂತ ನೋಡಿ. ಹೊಲಿದವರ ಕೈ ಎಂಥದ್ದು ಅಂತ ಅಲ್ಲೇ ಗೊತ್ತಾಗುತ್ತದೆ.

ಈಗ ಶೋ

ದೊಡ್ಡ ಫ್ಯಾಷನ್ ವೀಕ್‌ಗಳು ನಾಲ್ಕು: ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್. ವರ್ಷಕ್ಕೆರಡು ಸಲ ಇದೇ ಸಾಲಿನಲ್ಲಿ ನಡೆಯುತ್ತವೆ. ಫೆಬ್ರುವರಿ–ಮಾರ್ಚ್‌ನಲ್ಲಿ ಮುಂದಿನ ಚಳಿಗಾಲದ ಉಡುಪು, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮುಂದಿನ ಬೇಸಿಗೆಯದ್ದು. ಅಂಗಡಿಯವರು ಆರ್ಡರ್ ಕೊಟ್ಟು, ಬಟ್ಟೆ ತಯಾರಾಗಿ ಬರಲು ಆರು ತಿಂಗಳು ಬೇಕಲ್ಲ, ಅದಕ್ಕೆ. ಮುಖ್ಯ ಶೋಗಳಿಗೆ ಆಹ್ವಾನ ಹೋಗುವುದು ಅಂಗಡಿಗಳ ಖರೀದಿದಾರರು, ಪತ್ರಕರ್ತರು, ಗಣ್ಯರಿಗೆ. ಟಿಕೆಟ್ ಕೊಂಡು ನೋಡುವ ಶೋಗಳೂ ಕೆಲವು ನಗರಗಳಲ್ಲಿ ಇವೆ. ಅನೇಕ ಕಂಪನಿಗಳು ನೇರ ಪ್ರಸಾರ ಮಾಡುತ್ತವೆ.

ನನಗೆ ಇವೆಲ್ಲಕ್ಕಿಂತ ಇಷ್ಟ ಫ್ಯಾಷನ್ ಕಾಲೇಜುಗಳ ಪದವಿ ಶೋ. ಒಳಗೆ ಹೋಗುವುದು ಸುಲಭ. ಅಲ್ಲಿ ಮಾರುವ ಒತ್ತಡ ಇರುವುದಿಲ್ಲ, ಹುಡುಗರು ಹುಡುಗಿಯರು ತಮಗೆ ತೋಚಿದ್ದನ್ನು ಪೂರ್ತಿ ಮಾಡಿ ತೋರಿಸುತ್ತಾರೆ. ಮೆಕ್ವೀನ್ ಬೆಳಕಿಗೆ ಬಂದದ್ದೇ ಹಾಗೆ. ಲಂಡನ್ನಿನ ಸೆಂಟ್ರಲ್ ಸೇಂಟ್ ಮಾರ್ಟಿನ್ಸ್‌ನಲ್ಲಿ 1992ರಲ್ಲಿ ಅವನು ತೋರಿಸಿದ ಪದವಿ ಸಂಗ್ರಹವನ್ನು ಸ್ಟೈಲಿಸ್ಟ್ ಇಸಬೆಲ್ಲಾ ಬ್ಲೋ ಪೂರ್ತಿಯಾಗಿ ಕೊಂಡುಕೊಂಡರು. ನಿಮ್ಮ ಹತ್ತಿರದ ಕಾಲೇಜಿನ ಪರೀಕ್ಷೆ ಮುಗಿಯುವ ತಿಂಗಳು ಯಾವುದು ಅಂತ ತಿಳಿದುಕೊಳ್ಳಿ, ಶೋ ಅದರ ಆಸುಪಾಸಿನಲ್ಲೇ ಇರುತ್ತದೆ.

ಶೋ ಅರ್ಧ ಗಂಟೆ ತಡವಾಗಿ ಶುರುವಾಗುವುದು ಮಾಮೂಲಿ, ಆದರೂ ನೀವು ಸಮಯಕ್ಕೆ ಹೋಗಿ. ಕೊಟ್ಟ ಸೀಟಿನಲ್ಲೇ ಕೂರಿ. ಮುಂದಿನ ಸಾಲು ಸಿಕ್ಕಿದರೆ ಬ್ಯಾಗು ಸೀಟಿನ ಕೆಳಗಿರಲಿ, ಕಾಲ ಮೇಲೆ ಕಾಲು ಹಾಕಬೇಡಿ. ರ‍್ಯಾಂಪ್‌ನ ಕೊನೆಯಲ್ಲಿ ಒತ್ತೊತ್ತಾಗಿ ನಿಂತ ಫೋಟೊಗ್ರಾಫರ್‌ಗಳಿಗೆ ನಿಮ್ಮ ಪಾದ ಅಡ್ಡ ಬರುತ್ತದೆ, ಕೂಗಿಯೇ ಹೇಳುತ್ತಾರೆ.

ದೀಪ ಹೊತ್ತಿಕೊಂಡ ಮೇಲೆ ಎಲ್ಲವನ್ನೂ ಹಿಡಿಯಲು ಹೋಗಬೇಡಿ. ದೂರದಲ್ಲಿ ಬರುವಾಗ ಉಡುಪಿನ ಒಟ್ಟು ಆಕಾರ ನೋಡಿ. ಎದುರಿಗೆ ಬಂದಾಗ ಬಟ್ಟೆ ಹೇಗೆ ಅಲುಗುತ್ತದೆ ನೋಡಿ. ದಾಟಿ ಹೋದ ಮೇಲೆ ಬೆನ್ನು ನೋಡಿ. ಬಹಳ ಜನ ಆ ಹೊತ್ತಿಗೆ ಮುಂದಿನ ಮಾಡೆಲ್ ಕಡೆ ತಿರುಗಿರುತ್ತಾರೆ, ಆದರೆ ಉಡುಪಿನ ಜಾಣ ಕೆಲಸ ಎಷ್ಟೋ ಸಲ ಬೆನ್ನಲ್ಲೇ ಇರುತ್ತದೆ. ಕೊನೆಯಲ್ಲಿ ಎಲ್ಲ ಮಾಡೆಲ್‌ಗಳು ಸಾಲಾಗಿ ಬರುವಾಗ ಇಡೀ ಸಂಗ್ರಹದ ಬಣ್ಣಗಳು ಒಟ್ಟಿಗೆ ಕಾಣುತ್ತವೆ. ಆಗ ಫೋನ್ ಕೆಳಗಿಡಿ.

ದೊಡ್ಡ ಶೋಗಳ ಒಂದೊಂದು ಉಡುಪಿನ ಒಳ್ಳೆಯ ಫೋಟೊ ಹೆಚ್ಚಾಗಿ ಅವತ್ತೇ ಇಂಟರ್‌ನೆಟ್‌ಗೆ ಬರುತ್ತದೆ. ಅದನ್ನು ತೆರೆಯುವ ಮುಂಚೆ ನಿಮಗೆ ನೆನಪಿರುವ ಮೂರು ಉಡುಪುಗಳನ್ನು ಬರೆದಿಟ್ಟುಕೊಳ್ಳಿ: ಆಕಾರ, ಬಟ್ಟೆ, ನಡೆಯುವಾಗ ಅದು ಮಾಡಿದ ಸದ್ದು. ಆಮೇಲೆ ಫೋಟೊ ಜೊತೆ ಹೋಲಿಸಿ. ಎಲ್ಲಿ ವ್ಯತ್ಯಾಸ ಕಾಣುತ್ತದೋ ಅಲ್ಲಿ ಗುರುತು ಹಾಕಿ, ಮುಂದಿನ ಶೋನಲ್ಲಿ ಅದನ್ನೇ ಮೊದಲು ನೋಡಿ.