ಸೋಲೇ ಅರಿಯದ ಸೈನಿಕ

1870ರ ದಶಕದ ಅಮೆರಿಕದ ಪಶ್ಚಿಮ ಸೀಮೆಯಲ್ಲಿ ನಡೆಯುವ, ಆಡುವವರ ಆಯ್ಕೆಯಂತೆ ಕವಲೊಡೆಯುವ ಕಥೆಯಾಟವೊಂದನ್ನು ಜಯನಗರದ ಮನೆಯಲ್ಲಿ ಕುಳಿತು, ಇಂಥ ಆಟಗಳನ್ನು ಬರೆಯಲೆಂದೇ ಇರುವ ಚಾಯ್ಸ್‌ಸ್ಕ್ರಿಪ್ಟ್ ಎಂಬ ಸರಳ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತಿದ್ದೇನೆ. ನಾಯಕನಿಗೆ ಮೂರು ಹಿನ್ನೆಲೆಗಳಿವೆ: 1865ರಲ್ಲಿ ಮುಗಿದ ಅಂತರ್ಯುದ್ಧದಿಂದ ಮರಳಿದ ಸೈನಿಕ, ಟೆಕ್ಸಾಸ್‌ನಿಂದ ಕಾನ್ಸಾಸ್‌ಗೆ ದನ ಹೊಡೆದೊಯ್ಯುವ ಕೌಬಾಯ್, 1869ರಲ್ಲಿ ಪೂರ್ಣಗೊಂಡ ಖಂಡಾಂತರ ರೈಲುಮಾರ್ಗಕ್ಕೆ ದುಡಿದ ಚೀನೀ ಕಾರ್ಮಿಕ.

ತೊಂದರೆ ಬಯಲಾದದ್ದು ತಂಗಿ ಆಡಿ ನೋಡಿದಾಗ. ಸೈನಿಕನ ಗುರಿಯಿಟ್ಟು ಹೊಡೆಯುವ ಕೌಶಲದ ಅಂಕ ನೂರಕ್ಕೆ 70ರಿಂದ ಆರಂಭವಾಗಿ, ಪ್ರತಿ ಗುಂಡಿನ ಕಾಳಗಕ್ಕೂ 20 ಸೇರುತ್ತ, ಮೂರನೆಯ ಅಧ್ಯಾಯದ ಹೊತ್ತಿಗೆ 130 ಆಗಿತ್ತು. “ಅಣ್ಣಾ, ಇವನು ಸೋಲುವುದೇ ಇಲ್ಲವಲ್ಲ!” ಎಂದಳು, ಅದು ಹೊಗಳಿಕೆಯಾಗಿರಲಿಲ್ಲ.

ಪರಿಹಾರ ಒಂದೇ ಚಿಹ್ನೆಯಲ್ಲಿತ್ತು. ಕೂಡುವ ಚಿಹ್ನೆಗೆ ಮೊದಲು ಶೇಕಡಾ ಚಿಹ್ನೆ ಇಟ್ಟರೆ (%+), 20 ಎಂಬುದು ನೇರವಾಗಿ ಸೇರದೆ, ನೂರಕ್ಕೆ ಉಳಿದಿರುವ ಅಂತರದ ಶೇ. 20ರಷ್ಟು ಮಾತ್ರ ಸೇರುತ್ತದೆ. ಆಗ ಸೈನಿಕನ 70 ಅಂಕ 76ಕ್ಕೆ ನಿಲ್ಲುತ್ತದೆ, ಕಾರ್ಮಿಕನ 30 ಅಂಕ 44ಕ್ಕೆ ಜಿಗಿಯುತ್ತದೆ.

ಆದರೂ ಕಾರ್ಮಿಕನನ್ನು ಯಾರೂ ಆರಿಸುತ್ತಿರಲಿಲ್ಲ. ಅದು ಲೆಕ್ಕದ ದೋಷವಲ್ಲ, ನನ್ನದೇ ದೋಷ. ಹಾಗಾಗಿ ಗಣಿಯ ದೃಶ್ಯದಲ್ಲಿ ಸಿಡಿಮದ್ದಿನ ಬತ್ತಿ ಎಷ್ಟು ಉದ್ದವಿರಬೇಕೆಂದು ಅಂದಾಜಿಸುವ ಆಯ್ಕೆಯನ್ನು ಅವನಿಗೆ ಮಾತ್ರ ಕಾಣುವಂತೆ ಬರೆದೆ. ಮರುವಾರ ತಂಗಿ ಅವನನ್ನೇ ಆರಿಸಿಕೊಂಡಳು.